ಇಪ್ಪತ್ತಮೂರು ಪದರ ಸುಣ್ಣ

"ಎದ್ದು ಆಚೆ ಬರ್ತೀಯೋ, ಇಲ್ಲ ಪೈಪಿನ ಜೊತೆ ನಿನ್ನನ್ನೂ ಮಣ್ಣಲ್ಲಿ ಹೂಳಿಸ್ಲೋ, ಮುದುಕಿ?"

ಪುರಸಭೆಯ ಇಂಜಿನಿಯರ್ ಕಬ್ಬಿಣದ ಸಲಾಕೆಯಿಂದ ಸಿಮೆಂಟು ಪೈಪಿನ ನೆತ್ತಿಗೆ ಬಡಿದ. ಒಳಗೆ ಮಲಗಿದ್ದವಳ ಹಲ್ಲು ಜುಮ್ಮೆಂದಿತು, ಇದ್ದದ್ದೇ ನಾಲ್ಕು ಹಲ್ಲು. ಆದರೆ ಗಾರೆಯಕ್ಕನ ಅತ್ತೆ ಅಷ್ಟಕ್ಕೆಲ್ಲ ಜಗ್ಗುವ ಪೈಕಿಯಲ್ಲ. ಪೈಪಿನ ಬಾಯಿಗೆ ಕಟ್ಟಿದ್ದ ಗೋಣಿಚೀಲದ ಪರದೆಯನ್ನು ಎರಡು ಬೆರಳಲ್ಲಿ ಸರಿಸಿ ತಲೆ ಮಾತ್ರ ಹೊರಗೆ ಹಾಕಿದಳು.

"ಹೂಳಿಸಪ್ಪ. ಅಷ್ಟಾದ್ರೂ ಜಾಗ ನನ್ನ ಹೆಸರಿಗೆ ಆಗುತ್ತೆ."

ರಸ್ತೆಯ ಅಂಚಿಗೆ ಸಾಲಾಗಿ ಬಿದ್ದಿದ್ದ ಪೈಪುಗಳ ಒಳಗಿಂದ ಯಾರೋ ಕಿಸಕ್ಕೆಂದರು. ಒಳಚರಂಡಿಗೆಂದು ತಂದು ಹಾಕಿದ ಪೈಪುಗಳು ಅವು. ಒಂದೊಂದರಲ್ಲಿ ಒಂದೊಂದು ಸಂಸಾರ, ಒಟ್ಟು ಇಪ್ಪತ್ತಮೂರು. ಒಳಗೆ ಕೂರಬಹುದು, ಮಲಗಬಹುದು, ನಿಲ್ಲುವ ಹಾಗಿಲ್ಲ. ಹದಿನಾಲ್ಕು ತಿಂಗಳಿಂದ ಆ ಜನಕ್ಕೆ ನೆಟ್ಟಗೆ ನಿಲ್ಲಬೇಕೆಂದರೆ ಬೀದಿಗೇ ಬರಬೇಕಿತ್ತು.

ಗಾರೆಯಕ್ಕ ಆಗಷ್ಟೇ ಕೆಲಸಕ್ಕೆ ಹೊರಟಿದ್ದಳು. ಊರಲ್ಲಿ ಗೋಡೆಗೆ ಗಾರೆ ಮಾಡುವವರು ಹತ್ತಾರು ಜನರಿದ್ದರೂ ಆ ಹೆಸರು ಅಂಟಿದ್ದು ಇವಳೊಬ್ಬಳಿಗೇ. ಇವಳು ಮಾಡಿದ ಗೋಡೆಯ ಮೇಲೆ ಕೈಯಾಡಿಸಿದರೆ ಬೆರಳಿಗೆ ಎಲ್ಲಿಯೂ ತಡೆ ಸಿಗುತ್ತಿರಲಿಲ್ಲ. ಬಾಂಡ್ಲಿಯೊಳಗೆ ಗಾರೆ ತೀಡುವ ಕರಣೆ ಇಟ್ಟುಕೊಂಡು ಬಂದವಳು, ಮನೆ ಆಗುವವರೆಗೆ ಇಲ್ಲಿರಿ ಎಂದು ನೀವೇ ಹೇಳಿದ್ದಿರಲ್ಲ ಸಾರ್, ಎಂದು ಮೆಲ್ಲಗೆ ನೆನಪಿಸಿದಳು.

ಇಂಜಿನಿಯರ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಮನೆ ಆಗೋವರ್ಗೂ? ಮನೆ ಕೊಟ್ಟು ಆರು ತಿಂಗಳಾಯ್ತಲ್ಲೇ. ಬೀಗದ ಕೈ ಇಸ್ಕೊಂಡು ಹಲ್ಲು ಕಿರಿದಿದ್ದು ಮರೆತೋಯ್ತಾ? ಬಂಗಾರದಂಥ ಮನೆ ಯಾವನಿಗೋ ಬಾಡಿಗೆಗೆ ಬಿಟ್ಟು ಮೋರಿ ಪೈಪಲ್ಲಿ ಬಿದ್ದಿದೀರ, ಕಳ್ ಸೂಳೆಮಕ್ಳು. ಹುಟ್ಟುಗುಣ ಸುಟ್ರೂ ಹೋಗಲ್ಲ."

"ಯಾವ ಮನೆ ಸಾರ್?"

ಅವನು ಕಂಕುಳಲ್ಲಿದ್ದ ಫೈಲು ಬಿಚ್ಚಿ ಅವಳ ಮೂಗಿಗೆ ಹಿಡಿದ. ಹಾಳೆಗೊಂದು ಫೋಟೊ. ಬಿಳಿ ಗೋಡೆ, ನೀಲಿ ಬಾಗಿಲು, ಬಾಗಿಲ ಪಕ್ಕದಲ್ಲಿ ಕಪ್ಪು ಬಣ್ಣದ ನಂಬರು, ಅದರ ಮುಂದೆ ಬೀಗದ ಕೈ ಎತ್ತಿ ಹಿಡಿದು ನಿಂತ ಒಬ್ಬರು. ಒಂದರಿಂದ ಇಪ್ಪತ್ತಮೂರು. ಹದಿನೇಳರ ಮುಂದೆ ಗಾರೆಯಕ್ಕ ತಾನೇ ನಿಂತಿದ್ದಳು, ಒಸಡು ಕಾಣುವಷ್ಟು ನಗುತ್ತ. ಕೆಳಗೆ ದುಂಡನೆಯ ಮುದ್ರೆ. ಅವಳಿಗೆ ಅಕ್ಷರ ಅಷ್ಟಕ್ಕಷ್ಟೆ, ಆದರೂ ಎರಡು ಸಲ ಕಣ್ಣಾಡಿಸಿದಾಗ ಓದಲು ಬಂತು: ಮನೆ ಹಸ್ತಾಂತರಿಸಲಾಗಿದೆ.

ನಾಳೆ ರಾಜಧಾನಿಯಿಂದ ದೊಡ್ಡ ಸಾಹೇಬರು ಬರುತ್ತಾರೆ, ಅನುದಾನದ ಕೊನೆಯ ಕಂತು ಅವರ ಸಹಿಯ ಮೇಲೆ ನಿಂತಿದೆ, ಬೆಳಿಗ್ಗೆ ಕ್ರೇನು ಬರುವಷ್ಟರಲ್ಲಿ ಪೈಪಿನೊಳಗೆ ಒಂದು ಜೀವ ಇದ್ದರೂ ತಾನು ಜವಾಬ್ದಾರನಲ್ಲ ಎಂದು ಹೇಳಿ ಇಂಜಿನಿಯರ್ ಸಲಾಕೆಯನ್ನು ಎಳೆದುಕೊಂಡು ಹೋದ. ಗಾರೆಯಕ್ಕ ಬಾಂಡ್ಲಿಯನ್ನು ನೆಲಕ್ಕಿಟ್ಟಳು. ಅವತ್ತು ಅವಳು ಕೆಲಸಕ್ಕೆ ಹೋಗಲಿಲ್ಲ.

ಆ ಗೋಡೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗಾರೆ ಅವಳದು, ಸುಣ್ಣ ಅವಳದು, ನಂಬರು ಬರೆದ ಕೈಯೂ ಅವಳದೇ.

ಹದಿನಾಲ್ಕು ತಿಂಗಳ ಹಿಂದೆ ಅವರ ಕೇರಿಗೆ ಸುದ್ದಿ ತಂದವನು ಅವಳ ಅಣ್ಣ, ಮೇಸ್ತ್ರಿ. ಸಣ್ಣ ಊರುಗಳ ಉದ್ಧಾರಕ್ಕೆ ಸರ್ಕಾರ ಅನುದಾನ ಕೊಡುತ್ತಿದೆ, ಊರಿಗೆ ಒಳಚರಂಡಿ, ಕೇರಿಗೆ ಇಪ್ಪತ್ತಮೂರು ಗಟ್ಟಿ ಮನೆ, ಎರಡೂ ಒಂದೇ ಅನುದಾನದಲ್ಲಿ ಎಂದ. ಷರತ್ತು ಒಂದೇ, ಹಳೆಯ ಮನೆ ನಿಂತಿರಬಾರದು. ಮನೆ ಇರುವವರಿಗೆ ಸರ್ಕಾರ ಮನೆ ಕೊಡುವುದಿಲ್ಲವಂತೆ. ಜನ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಾಗ ಮೊದಲು ಹಾರೆ ಎತ್ತಿದವಳು ಗಾರೆಯಕ್ಕ. ಗಂಡ ಕಟ್ಟಡದ ಸಾರವೆಯಿಂದ ಬಿದ್ದು ಸತ್ತ ಮೇಲೆ ಅವಳ ಕೈಗೆ ಕರಣೆ ಕೊಟ್ಟು, ಗೋಡೆಯ ಮುಂದೆ ನಿಲ್ಲಿಸಿ, ಮಣಿಕಟ್ಟು ತಿರುಗಿಸುವುದನ್ನು ಕಲಿಸಿದವನು ಆ ಅಣ್ಣನೇ. ಅವನನ್ನು ನಂಬದೆ ಇನ್ಯಾರನ್ನು ನಂಬುವುದು? ತಾನು ಕಟ್ಟಿದ ಗೋಡೆಯನ್ನು ತಾನೇ ಕೆಡವಿದಳು. ಅವಳನ್ನು ನೋಡಿ ಉಳಿದವರೂ ಕೆಡವಿದರು. ಸಂಜೆಯೊಳಗೆ ಕೇರಿ ನೆಲಸಮವಾಯಿತು.

ಪೈಪಿಗೆ ಬಂದ ಮೊದಲ ದಿನವೇ ಅತ್ತೆ ಒಳಗೆಲ್ಲ ತಡಕಾಡಿ ಹೇಳಿದ್ದಳು, "ಗುಂಡಗಿರೋ ಮನೇಲಿ ಒಂದು ಸುಖ ಕಣೇ. ಸೊಸೆ ಅತ್ತೇನ ಮೂಲೆಗೆ ಹಾಕೋ ಹಾಗಿಲ್ಲ. ಮೂಲೆ ಇದ್ರೆ ತಾನೆ?"

ಕೆಡವಿದ ಕೇರಿಯ ಒಂದು ತುದಿಯಲ್ಲಿ ಮೊದಲು ಮಾದರಿ ಮನೆ ಎದ್ದಿತು. ಎರಡು ಕೋಣೆ, ಮುಂದೊಂದು ಜಗಲಿ. ವಾರಕ್ಕೊಂದು ದಿನ ಇಡೀ ಕೇರಿ ಅಲ್ಲಿ ಬಿಟ್ಟಿ ದುಡಿಯಿತು, ನಮ್ಮ ಮನೆಗೆ ನಾವು ದುಡಿಯಲು ಕೂಲಿ ಏಕೆ ಎಂದು. ಮನೆ ಮುಗಿದ ಮೇಲೆ ಅಣ್ಣ ಫೋಟೊದವನನ್ನು ಕರೆತಂದ. ನಿಮ್ಮ ಮನೆಯೂ ಹೀಗೇ ಬರುತ್ತದೆ ಎಂದು ಮೇಲಿನವರಿಗೆ ತೋರಿಸಬೇಕು, ಅದಕ್ಕೆ ಪ್ರತಿಯೊಬ್ಬರೂ ಅವರವರ ನಂಬರಿನ ಪಕ್ಕದಲ್ಲಿ ನಿಲ್ಲಬೇಕು ಎಂದ. ಬಾಗಿಲು ಒಂದು, ನಂಬರು ಇಪ್ಪತ್ತಮೂರು. ಗಾರೆಯಕ್ಕ ನಂಬರು ಬರೆಯುವುದು, ಫೋಟೊ ಆದ ಮೇಲೆ ಅದರ ಮೇಲೆ ಸುಣ್ಣ ಬಳಿಯುವುದು, ಬಿಸಿಲಿಗೆ ಒಣಗಿದ ಮೇಲೆ ಮುಂದಿನ ನಂಬರು ಬರೆಯುವುದು, ಹೀಗೇ ಮೂರು ದಿನ ನಡೆಯಿತು.

ಹೇಗೋ ಒಂದು ಬಳಿ, ಫೋಟೊಗೆ ತಾನೆ ಎಂದು ಅಣ್ಣ ಅವಸರ ಮಾಡಿದ್ದ. ಹೇಗೋ ಒಂದು ಬಳಿಯಲು ಅವಳಿಗೆ ಬರುತ್ತಲೇ ಇರಲಿಲ್ಲ. ಮುಟ್ಟಿದರೆ ಕೈಗೆ ಹತ್ತುವ ಸುಣ್ಣವೂ ಒಂದು ಸುಣ್ಣವೇ? ಪ್ರತಿ ಸಲವೂ ಅಂಟು ಕಾಯಿಸಿ ಬೆರೆಸಿದಳು, ಬಟ್ಟೆಯಲ್ಲಿ ಸೋಸಿದಳು, ಅಡ್ಡಕ್ಕೊಂದು ಕೈ ಉದ್ದಕ್ಕೊಂದು ಕೈ ಬಳಿದಳು. ಮೋರಿ ತೊಳೆಯುವವನ ಹೆಂಡತಿಯ ಹತ್ತಿರ ಇದ್ದ ಒಂದೇ ಒಂದು ಹಸಿರು ಶಾಲು ಆ ಮೂರು ದಿನದಲ್ಲಿ ಹನ್ನೊಂದು ಹೆಗಲು ಹತ್ತಿ ಇಳಿಯಿತು. ಬೀಗದ ಕೈಯೂ ಒಂದೇ, ಅದಕ್ಕೆ ಕಟ್ಟಿದ ಕೆಂಪು ದಾರವೂ ಒಂದೇ. ನಾಚಿಕೊಂಡು ಹಿಂದೆ ಸರಿದವರನ್ನು ಗಾರೆಯಕ್ಕನೇ ಕೈಹಿಡಿದು ತಂದು ನಿಲ್ಲಿಸಿ, ನಗಿ, ಗೃಹಪ್ರವೇಶ ಮಾಡುವವರ ಹಾಗೆ ನಗಿ ಎಂದು ಹುರಿದುಂಬಿಸಿದ್ದಳು. ಅದನ್ನು ನೆನೆದಾಗ ಅವಳಿಗೆ ಅಳು ಬರಲಿಲ್ಲ, ನಾಚಿಕೆಯಾಯಿತು.

ಮಾದರಿ ಮನೆಯ ಜಗಲಿಯಲ್ಲಿ ಅಣ್ಣ ಕಾಲು ಚಾಚಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ. ಮನೆಯ ಕಾವಲಿಗೆಂದು ಹೇಳಿ ತಿಂಗಳ ಹಿಂದೆ ಬಂದು ಸೇರಿಕೊಂಡಿದ್ದ. ಕಿಟಕಿಗೆ ಪರದೆ ಬಂದಿತ್ತು, ಬಾಗಿಲಿಗೆ ಹೊಸ ಚಿಲಕ. ಕಾವಲುಗಾರ ಪರದೆ ಹಾಕಿಸುವುದಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

"ನಿಂಗೆ ಗೊತ್ತಿತ್ತಾ ಅಣ್ಣ?"

ಅವನು ಹೆಬ್ಬೆರಳಿನ ಉಗುರು ಮುಗಿಸಿದ. ಮೊದಲು ಗೊತ್ತಿರಲಿಲ್ಲ, ಆಮೇಲೆ ಗೊತ್ತಾಯಿತು, ಗೊತ್ತಾದ ದಿನವೇ ಈ ಮನೆ ನೀನು ಇಟ್ಟುಕೋ ಎಂದರು ಎಂದ. ಹೊಟ್ಟೆ ನೋವನ್ನು ವೈದ್ಯರಿಗೆ ಹೇಳುವಷ್ಟು ಸಲೀಸಾಗಿ ಹೇಳಿದ.

"ಇನ್ನು ಇಪ್ಪತ್ತೆರಡು ಮನೆ?"

"ಆ ದುಡ್ಡಲ್ಲಿ ಹೊಸ ಬಡಾವಣೆಗೆ ರಸ್ತೆ ಆಯ್ತು. ದೀಪ ಆಯ್ತು. ಪಾರ್ಕ್ ಆಯ್ತು. ಕೌನ್ಸಿಲರ್‌ಗಳ ಮನೆಗಳೆಲ್ಲ ಅಲ್ಲೇ ಅಲ್ವಾ. ಪಾರ್ಕಿನ ಕಾಂಪೌಂಡಿಗೆ ಗಾರೆ ಮಾಡಿದ್ಯಾರು? ನೀನೇ. ಹತ್ತೊಂಬತ್ತು ದಿನ ಕೂಲಿ ತಗೊಂಡಿದೀಯ. ಅದು ಎಲ್ಲಿಂದ ಬಂತು ಅಂದ್ಕೊಂಡೆ?"

ಆ ಕಾಂಪೌಂಡು ಎಷ್ಟು ನುಣುಪಾಗಿ ಬಂದಿತ್ತೆಂದರೆ ಅವತ್ತು ಸಂಜೆ ಗಾರೆಯಕ್ಕ ಅತ್ತೆಯ ಹತ್ತಿರ ಜಂಬ ಕೊಚ್ಚಿಕೊಂಡಿದ್ದಳು. ಅವಳು ತನ್ನ ಮನೆಯನ್ನು ಒಂದು ಸಲ ಹಾರೆಯಿಂದ ಕೆಡವಿದ್ದಳು, ಇನ್ನೊಂದು ಸಲ ಕರಣೆಯಿಂದ.

"ಒಡಹುಟ್ಟಿದವಳ ಕುತ್ತಿಗೆ ಕುಯ್ದೆಯಲ್ಲೋ."

"ನಾನು ಕುಯ್ಯದಿದ್ರೆ ಬೇರೆಯವನು ಕುಯ್ತಿದ್ದ. ಕೇಳು, ಹಿಂದಿನ ಕೋಣೆ ನಿಂಗೆ, ನಿಮ್ಮತ್ತೆಗೆ. ಇವತ್ತೇ ಬಂದ್ಬಿಡು. ಬಾಯಿ ಬಿಟ್ಟೆ ಅಂದ್ರೆ ಮೊದಲು ಸಿಕ್ಕಿ ಬೀಳೋಳು ನೀನೇ. ಸುಣ್ಣ ಬಳಿದ ಕೈ ಯಾರದು ಅಂತ ಕೇಳ್ತಾರೆ."

ಅವಳು ಬಾಗಿಲಿನೊಳಗೆ ಇಣುಕಿದಳು. ಹಿಂದಿನ ಕೋಣೆಗೆ ಒಂದು ಕಿಟಕಿ, ನಾಲ್ಕು ಮೂಲೆ. ಅತ್ತೆಯ ಬೆನ್ನು ಪೈಪಿನ ಬಾಗಿಗೆ ತಕ್ಕಂತೆ ಬಾಗಿಹೋಗಿ ಎಷ್ಟೋ ದಿನವಾಗಿತ್ತು. ಆಸೆಯಾಗಲಿಲ್ಲ ಎಂದರೆ ಸುಳ್ಳು. ಅಲ್ಲಿ ನಿಂತಿದ್ದ ಅಷ್ಟು ಹೊತ್ತೂ ಮನಸ್ಸಿನಲ್ಲೇ ಹಾಸಿಗೆ ಹಾಸಿ, ಒಲೆ ಹೂಡಿ, ಗೂಟಕ್ಕೆ ಬಟ್ಟೆ ನೇತುಹಾಕಿಬಿಟ್ಟಿದ್ದಳು. ಆಮೇಲೆ ಜಗಲಿ ಇಳಿದು ಹೊರಟು ಬಂದಳು.

ಅಷ್ಟರಲ್ಲಿ ಪೈಪಿನ ಸಾಲಿಗೆಲ್ಲ ಸುದ್ದಿ ಮುಟ್ಟಿತ್ತು. ಮೋರಿಯವನ ಹೆಂಡತಿ ದಾರಿಗಡ್ಡ ನಿಂತಿದ್ದಳು, ಕೈಯಲ್ಲಿ ಆ ಹಸಿರು ಶಾಲು. ಅದನ್ನು ಮುದುರಿ ಗಾರೆಯಕ್ಕನ ಮುಖಕ್ಕೆ ಎಸೆದಳು.

"ನಿಮ್ಮಣ್ಣನ ಮುಖ ನೋಡಿ ನಿಂತಿರಲಿಲ್ಲ ಕಣಕ್ಕ ನಾವು. ನಿನ್ನ ಮುಖ ನೋಡಿ ನಿಂತಿದ್ವಿ. ನಗಿ ನಗಿ ಅಂದ್ಯಲ್ಲ. ಈಗ ನಗು."

ಶಾಲು ಅವಳ ಹೆಗಲಿನಿಂದ ಜಾರಿ ಬಿತ್ತು. ಅವಳು ಬಗ್ಗಿ ಎತ್ತಿಕೊಂಡು, ಮಣ್ಣು ಕೊಡವಿ, ಮಡಿಸಿ ಕೈಯಲ್ಲಿ ಹಿಡಿದುಕೊಂಡಳು. ಅಣ್ಣ ಹೇಳಿದ್ದೆಲ್ಲವನ್ನೂ ಹೇಳಿದಳು. ಪಾರ್ಕಿನ ಗೋಡೆಯನ್ನು ಮುಚ್ಚಿಡಲಿಲ್ಲ, ಹಿಂದಿನ ಕೋಣೆಯ ಆಮಿಷವನ್ನೂ ಮುಚ್ಚಿಡಲಿಲ್ಲ. ಯಾರೋ ಥೂ ಎಂದರು. ಯಾರಿಗೆ ಎಂದು ಅವಳು ತಿರುಗಿ ನೋಡಲಿಲ್ಲ.

ಮುಂದೆ ಮಾತಾಡಿದವಳು ಅತ್ತೆ. ಪೈಪಿನ ಬಾಯಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳಿದಳು, "ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತಾರೆ. ನಮಗೆ ಎರಡು ಕಣ್ಣಿಗೂ ಸುಣ್ಣವೇ. ಅದೂ ನನ್ನ ಸೊಸೆ ಕೈಯಲ್ಲೇ." ಆಮೇಲೆ ಸೊಸೆಯ ಕಡೆ ತಿರುಗಿದಳು. "ಅಂಟು ಹಾಕಿದ್ಯಾ ಅದಕ್ಕೆ?"

"ಹಾಕದೆ ಬಳೀತೀನಾ ಅತ್ತೆ."

"ಹಾಗಾದ್ರೆ ಅದು ಪುಡಿಯಾಗಿ ಉದುರಲ್ಲ. ಹಾಳೆಹಾಳೆಯಾಗಿ ಏಳುತ್ತೆ."

ಗಾರೆಯಕ್ಕ ಅತ್ತೆಯನ್ನೇ ನೋಡಿದಳು. ನಾಲ್ಕು ಹಲ್ಲಿನ ಆ ಬಾಯಿಂದ ಇಂಥ ಮಾತು ಬರುತ್ತದೆಂದು ಅವಳು ಎಣಿಸಿರಲಿಲ್ಲ. ಇಪ್ಪತ್ತಮೂರು ನಂಬರೂ ಆ ಗೋಡೆಯೊಳಗೆ ಒಂದರ ಹಿಂದೊಂದು ಹಾಗೇ ಕೂತಿದ್ದವು. ಅಣ್ಣ ಹೇಳಿದಂತೆ ಹೇಗೋ ಒಂದು ಬಳಿದಿದ್ದರೆ ಇಷ್ಟು ಹೊತ್ತಿಗೆ ಎಲ್ಲ ಪುಡಿಯಾಗಿರುತ್ತಿತ್ತು. ನಾಳೆ ಸಾಹೇಬರ ಕಣ್ಣೆದುರೇ ಬಿಚ್ಚಿ ತೋರಿಸುವುದೆಂದು ಆಯಿತು. ಇಷ್ಟು ದೂರದಿಂದ ನೋಡಲೆಂದೇ ಬರುವ ಮನುಷ್ಯ ನೋಡದೆ ಇರುತ್ತಾನೆಯೇ ಎಂದು ಮೋರಿಯವನು ಕೇಳಿದ. ಎಲ್ಲರಿಗೂ ಅದು ಸರಿ ಎನ್ನಿಸಿತು.

ಬೆಳಿಗ್ಗೆ ಕ್ರೇನು ಹೇಳಿದ ಹೊತ್ತಿಗೇ ಬಂತು. ಊರಿನಲ್ಲಿ ಹೇಳಿದ ಹೊತ್ತಿಗೆ ಬಂದ ಸರ್ಕಾರಿ ವಸ್ತು ಅದೊಂದೇ. ಪಾತ್ರೆ, ಚಾಪೆ, ಟ್ರಂಕು ಎಲ್ಲ ರಸ್ತೆಗೆ ಬಂದವು. ಮೊದಲ ಪೈಪು ಗಾಳಿಯಲ್ಲಿ ತೂಗಾಡುತ್ತ ಮೇಲೇರಿದಾಗ ಒಳಗೆ ಮರೆತಿದ್ದ ಒಂದು ಚಮಚ ಠಣ್ಣೆಂದು ಕೆಳಗೆ ಬಿತ್ತು. ಜನ ಗಂಟುಮೂಟೆ ಹೊತ್ತು ಮಾದರಿ ಮನೆಯ ಕಡೆ ನಡೆದರು. ಗಾರೆಯಕ್ಕ ಎಡಗೈಯಲ್ಲಿ ಅತ್ತೆಯನ್ನು ಹಿಡಿದಿದ್ದಳು, ಬಲಗೈಯಲ್ಲಿ ಕರಣೆಯನ್ನು.

ಸಾಹೇಬರು ಕಾರಿನಿಂದ ಇಳಿದು ನೆರಳಿನಲ್ಲಿ ನಿಂತಿದ್ದರು. ತೆಳ್ಳಗಿನ, ಮೆಲುಮಾತಿನ ಮನುಷ್ಯ. ಉಳಿದ ಮನೆಗಳು ಹಿಂದಿನ ಬೀದಿಯಲ್ಲಿವೆ, ಬಿಸಿಲು ಜಾಸ್ತಿ, ಒಂದು ನೋಡಿದರೆ ಇಪ್ಪತ್ತಮೂರೂ ನೋಡಿದ ಹಾಗೆ ಎಂದು ಇಂಜಿನಿಯರ್ ವಿವರಿಸುತ್ತಿದ್ದ. ಅಣ್ಣ ನೀರಿನ ಬಾಟಲಿ ಹಿಡಿದುಕೊಂಡು ಪಕ್ಕದಲ್ಲಿ ಹಲ್ಲು ಗಿಂಜುತ್ತಿದ್ದ. ತಂಗಿಯನ್ನು ಕಂಡದ್ದೇ ಅವನ ಬಾಯಿ ಮುಚ್ಚಿಕೊಂಡಿತು.

ಗಾರೆಯಕ್ಕ ಯಾರಿಗೂ ಕೈ ಮುಗಿಯಲಿಲ್ಲ. ನೇರವಾಗಿ ಜಗಲಿ ಹತ್ತಿ, ಬಾಗಿಲ ಪಕ್ಕದಲ್ಲಿದ್ದ ಇಪ್ಪತ್ತಮೂರು ಎಂಬ ನಂಬರಿನ ಅಂಚಿಗೆ ಕರಣೆಯ ಮೂತಿ ಇಟ್ಟು ಮೆಲ್ಲಗೆ ಮೀಟಿದಳು.

"ಏ ಲೌಡಿ, ಏನೇ ಮಾಡ್ತಿದೀಯ?" ಎಂದು ಇಂಜಿನಿಯರ್ ನುಗ್ಗಿದ. ಮೋರಿಯವನ ಹೆಂಡತಿ ತಲೆಯ ಮೇಲಿನ ಟ್ರಂಕನ್ನು ಅವನ ಕಾಲಿನ ಮುಂದೆ ದಡಕ್ಕೆಂದು ಇಳಿಸಿದಳು. ಬಿಡಿ, ಏನು ಮಾಡುತ್ತಾಳೋ ನೋಡೋಣ ಎಂದರು ಸಾಹೇಬರು. ಆ ಒಂದು ಮಾತಿಗೆ ಇಡೀ ಕೇರಿಯ ಎದೆಯಲ್ಲಿ ಆಸೆ ಚಿಗುರಿತು.

ಸುಣ್ಣ ಅಂಗೈಯಗಲದ ಹಾಳೆಯಾಗಿ ಎದ್ದಿತು, ನಂಬರಿನ ಸಮೇತ. ಅದರ ಕೆಳಗೆ ಇಪ್ಪತ್ತೆರಡು ನಿಚ್ಚಳವಾಗಿ ಕಂಡಿತು. ಅದನ್ನೂ ಮೀಟಿದಳು, ಇಪ್ಪತ್ತೊಂದು. ಎದ್ದ ಹಾಳೆಯನ್ನು ಆಯಾ ನಂಬರಿನವರ ಕೈಗೆ ಕೊಡುತ್ತ ಹೋದಳು. ಈರುಳ್ಳಿ ಸುಲಿದ ಹಾಗೆ ಪದರ ಪದರವಾಗಿ ಗೋಡೆ ಬಿಚ್ಚಿಕೊಂಡಿತು. ಹದಿನೇಳು ಎದ್ದಾಗ ಅದನ್ನು ಅತ್ತೆಯ ಕೈಗಿಟ್ಟಳು. ಒಂದು ಎಂಬ ನಂಬರಿನ ಹಿಂದೆ ಬರೀ ಗಾರೆ ಇತ್ತು, ಅವಳದೇ ಗಾರೆ.

ಸಾಹೇಬರು ಹತ್ತಿರ ಬಂದು ಗೋಡೆಯನ್ನು ಬೆರಳಿನಿಂದ ಸವರಿದರು. ತಡೆ ಎಲ್ಲಿಯೂ ಸಿಗಲಿಲ್ಲ. ಆಮೇಲೆ ಇಂಜಿನಿಯರ್ ಕಡೆ ತಿರುಗಿ, ಪಾಠ ಒಪ್ಪಿಸದ ಮಗನನ್ನು ಕೇಳುವ ತಂದೆಯ ಹಾಗೆ ಕೇಳಿದರು.

"ಮೇಲೆ ಮೇಲೆ ಯಾಕ್ರೀ ಬಳಿಸಿದ್ರಿ? ಪ್ರತಿ ಸಲ ಕೆರೆದು ಬರೆಸಬೇಕಿತ್ತು. ಅಷ್ಟೂ ಗೊತ್ತಾಗಲ್ವಾ?"

ಗಾರೆಯಕ್ಕನಿಗೆ ಆ ಮಾತು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅಣ್ಣ ಮೋಸ ಮಾಡಿದಾಗ ಅವನ ಮೇಲೆ ಇಂಜಿನಿಯರ್ ಇದ್ದ, ಇಂಜಿನಿಯರ್ ಮೇಲೆ ಇವರಿದ್ದರು. ಇವರ ಮೇಲೆ ಇನ್ನು ಯಾರೂ ಇರಲಿಲ್ಲ. ಸಾಹೇಬರು ಕಾರಿನ ಬಾನೆಟ್ಟಿನ ಮೇಲೆ ಫೈಲು ಬಿಚ್ಚಿ, ಜೇಬಿನಿಂದ ಪೆನ್ನು ತೆಗೆದು, ನಿಂತಲ್ಲೇ ಸಹಿ ಹಾಕಿದರು. ಸಹಿ ಹಾಕುವಾಗ ಅವರ ಮುಖದಲ್ಲಿ ಏನೂ ಇರಲಿಲ್ಲ.

"ಮುಗೀತಾ ಸ್ವಾಮಿ?" ಎಂದು ಗಾರೆಯಕ್ಕ ಕೇಳಿದಳು. "ಕಾಗದದ ಪ್ರಕಾರ ನಮಗೆಲ್ಲ ಮನೆ ಬಂದಾಯ್ತು?"

ಬಂದಾಯ್ತಲ್ಲ, ಇನ್ನು ಹೋಗು ಎಂದ ಇಂಜಿನಿಯರ್.

ಅವಳು ಬಾಗಿಲ ಹೊಸ ಚಿಲಕ ಸರಿಸಿ, ಎರಡು ರೆಕ್ಕೆಯನ್ನೂ ಗೋಡೆಗೆ ತಾಗುವ ಹಾಗೆ ತೆರೆದಳು. ಪಕ್ಕಕ್ಕೆ ನಿಂತು, ಒಂದನೇ ನಂಬರಿನವರು ಬನ್ನಿ ಎಂದು ಕರೆದಳು. ಸುಣ್ಣದ ಹಾಳೆಯನ್ನು ಅಂಗೈಯಲ್ಲಿಟ್ಟುಕೊಂಡು ಮುದುಕನೊಬ್ಬ ಹೆಂಡತಿ, ಮಗಳು, ಎರಡು ಚಾಪೆಯ ಜೊತೆ ಒಳಗೆ ಹೋದ. ಎರಡು. ಮೂರು. ಮೋರಿಯವನ ಹೆಂಡತಿಯ ನಂಬರು ಒಂಬತ್ತು. ಅವಳು ಹಾಯ್ದು ಹೋಗುವಾಗ ಗಾರೆಯಕ್ಕ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಹಸಿರು ಶಾಲನ್ನು ತೆಗೆದು ಅವಳ ಹೆಗಲಿಗೆ ಹಾಕಿದಳು. ಅವಳು ಬೇಡವೆನ್ನಲಿಲ್ಲ.

ಹನ್ನೆರಡನೇ ನಂಬರಿನ ಹೊತ್ತಿಗೆ ಮುಂದಿನ ಕೋಣೆಯಲ್ಲಿ ಕೂರಲು ಜಾಗವಿರಲಿಲ್ಲ, ನಿಂತರು. ನಿಲ್ಲುವುದಕ್ಕೇನೂ ಅವರ ತಕರಾರಿರಲಿಲ್ಲ. ಹದಿನೇಳಕ್ಕೆ ಅತ್ತೆ ಮೊಣಕೈಯಿಂದ ದಾರಿ ಬಿಡಿಸಿಕೊಳ್ಳುತ್ತ ಹಿಂದಿನ ಕೋಣೆ ಸೇರಿದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಅವಳ ದನಿ ಕೇಳಿತು, "ಮೂಲೆ ಸಿಕ್ತು ಕಣೇ." ಕೊನೆಯವರು ಹೊಸ್ತಿಲ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಉಳಿದರು. ಯಾರದೋ ಕೈ ತಗುಲಿ ಅಣ್ಣನ ಪರದೆ ಕಿತ್ತು ಬಂತು.

ಇಂಜಿನಿಯರ್ ಮುಖ ಕೆಂಪಾಗಿತ್ತು. "ಒಂದು ಮನೇಲಿ ಇಪ್ಪತ್ತಮೂರು ಸಂಸಾರ ಹೇಗ್ರೋ ಇರುತ್ತೆ, ಬೋಳಿಮಕ್ಳಾ?"

"ನಿಮ್ಮ ಫೈಲಲ್ಲಿ ಹೇಗಿದೀವೋ ಹಾಗೆ," ಎಂದಳು ಗಾರೆಯಕ್ಕ.

ಸಾಹೇಬರು ಫೋನು ಕಿವಿಗಿಟ್ಟುಕೊಂಡು ದೂರ ಸರಿದರು. ಪೊಲೀಸ್ ಎಂಬ ಮಾತು ಎರಡು ಸಲ ಕೇಳಿಸಿತು. ಅಣ್ಣ ನೀರಿನ ಬಾಟಲಿಯನ್ನು ಇನ್ನೂ ಹಿಡಿದುಕೊಂಡೇ ಜಗಲಿಯ ಕೆಳಗೆ ನಿಂತಿದ್ದ. ಒಳಗೆ ಅವನ ಹಾಸಿಗೆ ಇತ್ತು, ಬಟ್ಟೆಗಳಿದ್ದವು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ತಂಗಿ, ದಾರಿ ಬಿಡು ಎಂದ.

"ನಿನ್ನ ನಂಬರು ಎಷ್ಟಣ್ಣ?"

ಅವನು ಮೆಟ್ಟಿಲ ಮೇಲಿಟ್ಟ ಕಾಲನ್ನು ಕೆಳಗಿಳಿಸಿದ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದವನು ಅವನೇ ಆದ್ದರಿಂದ, ಯಾವ ಫೋಟೊದಲ್ಲಿಯೂ ಅವನಿರಲಿಲ್ಲ.

ರಸ್ತೆಯ ಕಡೆ ಕ್ರೇನು ಕೊನೆಯ ಪೈಪನ್ನು ಒಳಚರಂಡಿಯ ಗುಂಡಿಗೆ ಇಳಿಸುತ್ತಿತ್ತು. ಆ ಸದ್ದಿನ ಹಿಂದೆ ಜೀಪೊಂದು ಬರುವ ಸದ್ದು ಕೇಳಿ ಒಳಗಿನ ಜನ ಇನ್ನಷ್ಟು ಒತ್ತಿಕೊಂಡು ನಿಂತರು. ಗಾರೆಯಕ್ಕ ಬಾಗಿಲಿಗೆ ಬೆನ್ನು ಕೊಟ್ಟು ಹೊಸ್ತಿಲ ಮೇಲೆ ಕೂತಳು. ಕರಣೆ ಮಡಿಲಲ್ಲಿತ್ತು, ಅದರ ಮೂತಿಗೆ ಸುಣ್ಣ ಇನ್ನೂ ಮೆತ್ತಿತ್ತು.

"ಬಾಗಿಲು ಹಾಕೇ, ಗಾಳಿ ಬರ್ತಿದೆ," ಎಂದು ಒಳಗಿಂದ ಅತ್ತೆ ಕೂಗಿದಳು.

"ಹಾಕೋಕಾಗಲ್ಲ ಅತ್ತೆ," ಎಂದಳು 'ಹದಿನೇಳನೇ ಮನೆ'ಯ ಸೊಸೆ. "ಜನ ಇದಾರೆ."